ತಾತ್ಕಾಲಿಕವಾಗಿ ತೇಲುತ್ತಿರುವ ಗುಜರಿ

ಹೊಸದಾಗಿ ಸೇರಿದ ಬೋಧಕರಿಗಾಗಿ ನನ್ನ ಕೆಲಸದ ಅನುಭವ ಬರೆದುಕೊಡಿ ಎಂದು ಶಾಲೆಯವರು ಕೇಳಿದ್ದಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಏರಿದ್ದರಿಂದ ನನ್ನ ಕುರ್ಚಿಗೆ ಕೈಗಳು ಬಂದವು, ಅಷ್ಟೇ. ನಿಮಗೆ ಉಪಯೋಗವಾಗುವುದು ನಾನು ಕೆಡಿಸಿದ ಕೆಲಸಗಳು. ಅವು ಬೇಕಾದಷ್ಟಿವೆ. ಅವುಗಳಲ್ಲಿ ಒಂದು ದೋಣಿಯ ಕಥೆಯನ್ನೇ ಹೆಚ್ಚು ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಅದರೊಳಗೇ ಬರುತ್ತದೆ.

ಮೊದಲು ಒಂದು ಎಚ್ಚರಿಕೆ. ನಾನು ಕಾಲೇಜು ದಿನಗಳಿಂದ ಡೈರಿ ಬರೆಯುವವನು. ಡೈರಿ ಬರೆಯುವವನ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಾನು ಕಲಿತದ್ದು ಬೇರೆ: ತಪ್ಪು ಅಳತೆಯನ್ನು ಎಷ್ಟು ಅಂದವಾಗಿ ಬರೆದಿಟ್ಟರೂ ಅದು ತಪ್ಪು ಅಳತೆಯೇ. ನನ್ನ ಡೈರಿ ಅದೇ ದಿನ ಸಂಜೆ, ಹೆಮ್ಮೆ ಇನ್ನೂ ಆರದೆ ಇರುವಾಗ ಬರೆದದ್ದು. ಆದ್ದರಿಂದ ಮುಂದೆ ಎಲ್ಲಿ ನಾನು ಜಾಣನಾಗಿ ಕಾಣುತ್ತೇನೋ ಅಲ್ಲಿ ಸ್ವಲ್ಪ ನಿಧಾನಿಸಿ ಓದಿ.

ನಮ್ಮ ಟ್ರಸ್ಟಿಗೆ ಎರಡು ಪುಟ್ಟ ತರಬೇತಿ ಶಾಲೆಗಳಿದ್ದವು. ಒಂದು ಹೊಸನಗರದಲ್ಲಿ, ಒಂದು ತೀರ್ಥಹಳ್ಳಿಯಲ್ಲಿ. ಟ್ರಸ್ಟಿನ ಕಚೇರಿ ಸಾಗರದಲ್ಲಿ. ಎರಡೂ ಶಾಲೆಗಳಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗವಿತ್ತು, ಎರಡರಲ್ಲೂ ಬೆಂಚುಗಳಿಗಿಂತ ವಿದ್ಯಾರ್ಥಿಗಳು ಕಡಿಮೆ. ಹೊಸನಗರದ ವಿಭಾಗಕ್ಕೆ ನಾನು, ತೀರ್ಥಹಳ್ಳಿಗೆ ಮಂಜಪ್ಪ. ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವತ್ತಿನಿಂದಲೇ ಒಬ್ಬರನ್ನೊಬ್ಬರು ಸೋಲಿಸುವ ಕೆಲಸವನ್ನೂ ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದೆವು.

ಒಂದು ದಿನ ಟ್ರಸ್ಟಿನ ಕಾರ್ಯದರ್ಶಿಗಳಿಂದ ಸುತ್ತೋಲೆ ಬಂತು. ಇನ್ನು ಮುಂದೆ ಎಲೆಕ್ಟ್ರಾನಿಕ್ಸ್ ಒಂದೇ ಕಡೆ ಇರತಕ್ಕದ್ದು. ಎಲ್ಲಿ ಎನ್ನುವುದು ಸಾಗರದ ಪ್ರದರ್ಶನದ ದಿನ ತೀರ್ಮಾನ. ಪ್ರತಿ ವಿಭಾಗವೂ ಹಳೆಯ ಸಾಮಾನಿನಿಂದಲೇ ಏನಾದರೊಂದು ಮಾಡಿ, ಅದನ್ನು ಓಡಿಸಿ ತೋರಿಸಬೇಕು.

ಇದರಲ್ಲಿ ನನಗಾಗಲಿ ಮಂಜಪ್ಪನಿಗಾಗಲಿ ಹೋಗುವುದೇನೂ ಇರಲಿಲ್ಲ. ನಾವು ಖಾಯಂ ನೌಕರರು. ವಿಭಾಗ ಮುಚ್ಚಿದರೂ ಇನ್ನೊಂದು ಮೇಜಿನ ಹಿಂದೆ ಕೂರುತ್ತಿದ್ದೆವು. ಕೆಲಸ ಹೋಗುವುದಿದ್ದರೆ ಅದು ಸುಮತಿಯವರದು. ಅವರು ನಮ್ಮಲ್ಲಿ ಅತಿಥಿ ಬೋಧಕಿ. ಹೊಸನಗರದಿಂದಾಚೆಯ ಒಂದು ಹಳ್ಳಿಯ ಜೈನ ಮನೆತನದ ಸೊಸೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ ಅದು. ಸಂಜೆಯ ಬಸ್ಸು ಅವರನ್ನು ಸರಿಯಾಗಿ ಊಟದ ಎಲೆಯ ಮುಂದೆ ಇಳಿಸುತ್ತಿತ್ತು. ತೀರ್ಥಹಳ್ಳಿಗೆ ಹೋಗಿ ಬರುವ ಮಾತೇ ಇರಲಿಲ್ಲ, ಅಲ್ಲಿ ಅವರಿಗೆ ಜಾಗವೂ ಇರಲಿಲ್ಲ.

“ಈ ಬೆಂಚ್ ಬಿಟ್ರೆ ನಂಗೆ ಬೇರೆ ಬೆಂಚಿಲ್ಲ ಸರ್,” ಎಂದರು. “ಏನಾದ್ರೂ ಮಾಡಿ. ಆದ್ರೆ ನೀವು ಮಾಡೋ ಮೊದ್ಲು ನಂಗೊಂದ್ಸಲ ತೋರ್ಸಿ.”

ಆ ಎರಡನೆಯ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಹೊಳೆಬಾಗಿಲಿನ ಲಾಂಚಿನ ಸಣ್ಣ ಮಾದರಿ ಮಾಡೋಣ, ರಿಮೋಟಿನಿಂದ ಓಡಿಸೋಣ ಎಂದು ನಾನು ಹೇಳಿದೆ. ನಾನೇ ಹೇಳಿದ್ದು ಎಂದು ಡೈರಿಯಲ್ಲಿದೆ. ಸುಮತಿಯವರು ಇದನ್ನು ಓದಿದರೆ ನಗುತ್ತಾರೆ. ಈಗ ಅಲ್ಲಿ ಸೇತುವೆ ಬಂದಿದೆ. ಆಗ ಸಿಗಂದೂರಿಗೆ ಹೋಗುವವರೆಲ್ಲ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾಯಬೇಕಿತ್ತು. ಬಸ್ಸು, ಜೀಪುಗಳೆಲ್ಲ ಹಿಮ್ಮುಖವಾಗಿ ಅದರ ಮೇಲೆ ಹತ್ತುತ್ತಿದ್ದವು, ನಡುವೆ ಉಳಿದ ಸಂದಿಯಲ್ಲಿ ಜನ.

ಅಳತೆಗೆಂದು ನಾನು ಟೇಪು ಹಿಡಿದು ಹೋದೆ. ಮಾದರಿ ಮಾಡುವವನು ಮೊದಲು ಅಸಲಿನ ಅಳತೆ ತೆಗೆಯಬೇಕು ಎಂದು ನೀವೂ ಪಾಠ ಮಾಡುತ್ತೀರಿ. ಅಳತೆ ತೆಗೆಯುವಾಗ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ಪಠ್ಯದಲ್ಲಿಲ್ಲ. ಹಗ್ಗ ಕಟ್ಟುವ ಕೆಲಸದವನೊಬ್ಬ ಬಂದು ನಿಂತ.

“ಎಂತ ಅಳೀತಿದ್ದೀರಿ?”

“ಲಾಂಚು.”

“ಅದು ಕಾಣ್ತದೆ. ಎಂತಕ್ಕೆ ಅಂತ ಕೇಳ್ದೆ.”

“ಇಂಥದ್ದೇ ಒಂದು ಸಣ್ಣದು ಮಾಡ್ಬೇಕು.”

“ಸಣ್ಣದಾ? ಇಷ್ಟು ದೊಡ್ಡದ್ರಲ್ಲೇ ಜನ ಹಿಡಿಯಲ್ಲ ಮಾರಾಯ್ರೆ!”

ಲಾಂಚು ನೀರಿನ ನಡುವೆ ಬರುವಷ್ಟರಲ್ಲಿ, ಸರ್ಕಾರ ದೊಡ್ಡ ಲಾಂಚ್ ತೆಗೆದು ಸಣ್ಣದು ಹಾಕುತ್ತಿದೆ, ಅದರ ಇಂಜಿನಿಯರು ಬಂದಿದ್ದಾರೆ ಎಂಬ ಸುದ್ದಿ ಬಸ್ಸಿನೊಳಗಿನವರಿಗೂ ತಲುಪಿತ್ತು. ಬಾಳೆಗೊನೆ ಹಿಡಿದ ಹೆಂಗಸೊಬ್ಬರು ನನ್ನ ಟೇಪಿನ ಮೇಲೇ ಕಾಲಿಟ್ಟು ನಿಂತರು.

“ನಮ್ಗೆ ಸಣ್ಣ ಲಾಂಚ್ ಬ್ಯಾಡ. ಬರ್ಕಳಿ.”

“ಅಮ್ಮಾ, ಅದು ಆಟದ್ದು.”

“ಹೌದು ಮತ್ತೆ! ಜನ್ರ ಜೀವ ನಿಮ್ಗೆ ಆಟವೇ.”

ಕೊನೆಗೆ “ಸಣ್ಣ ಲಾಂಚ್ ಬೇಡ” ಎಂದು ಚೀಟಿಯೊಂದರಲ್ಲಿ ಬರೆದು, ಅವರಿಗೆ ಓದಿ ತೋರಿಸಿದೆ. ಅವರು ಕಾಲೆತ್ತುವಷ್ಟರಲ್ಲಿ ಲಾಂಚು ದಡ ಸೇರಿತ್ತು. ಅಗಲ ಅಳೆಯುವುದು ಬಾಕಿಯೇ ಉಳಿಯಿತು. ನಮ್ಮ ಮಾದರಿ ಅಸಲಿಗಿಂತ ತುಸು ಸಪೂರವಾಗಿರುವುದಕ್ಕೆ ಆ ತಾಯಿಯೇ ಕಾರಣ.

ಮುಂದಿನ ಅಡ್ಡಿ ನಮ್ಮ ಪ್ರಾಂಶುಪಾಲರು. ಒಳ್ಳೆಯ ಮನುಷ್ಯ, ಆದರೆ ಆಡಿಟ್ ಎಂಬ ಮಾತು ಕೇಳಿದರೆ ಕನ್ನಡಕ ಒರೆಸಲು ತೊಡಗುತ್ತಿದ್ದರು. ವರ್ಕ್‌ಶಾಪಿನ ಹಿಂದಿನ ಗುಜರಿ ಕೋಣೆಯ ಬೀಗದ ಕೈ ಕೇಳಿದ್ದಕ್ಕೆ ನನಗೊಂದು ಪಾಠವೇ ಆಯಿತು.

“ಗುಜರಿ ಅಂದ್ರೆ ಏನು ತಿಳ್ಕೊಂಡಿದೀರಿ? ಕೆಟ್ಟ ಸಾಮಾನು ಅಂತಲಾ? ಅಲ್ರೀ. ಕೆಟ್ಟಿದೆ ಅಂತ ನಾನು ಸಹಿ ಹಾಕಿದ ಸಾಮಾನು. ಅದು ಕೆಟ್ಟೇ ಇರ್ಬೇಕು. ನೀವು ಅದನ್ನ ಓಡೋ ಹಾಗೆ ಮಾಡಿದ್ರೆ ನಾನು ಸುಳ್ಳು ಸಹಿ ಹಾಕ್ದಂಗಾಯ್ತು.”

ಸುಮತಿಯವರು ತಲೆತಗ್ಗಿಸಿಕೊಂಡೇ ಹೇಳಿದರು: “ಸರ್, ಅದು ಗುಜರಿಯಾಗೇ ಇರುತ್ತೆ. ಸ್ವಲ್ಪ ದಿನ ತೇಲುತ್ತೆ, ಅಷ್ಟೇ.”

ಪ್ರಾಂಶುಪಾಲರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಅವರೇ ಕೈಯಾರೆ ಒಂದು ಚೀಟಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದರು: “ತಾತ್ಕಾಲಿಕವಾಗಿ ತೇಲುತ್ತಿರುವ ಗುಜರಿ. ಪ್ರದರ್ಶನದ ನಂತರ ಮೂಲ ಸ್ಥಿತಿಗೆ ತರತಕ್ಕದ್ದು.” ಮೇಲಧಿಕಾರಿಗಳ ಬಗ್ಗೆ ನಿಮಗೆ ನಾನು ಹೇಳುವುದಿಷ್ಟೇ: ಅವರಿಗೆ ಅನುಮತಿ ಕೊಡಲು ಮನಸ್ಸಿರುತ್ತದೆ. ಕೊಡಲು ಬರುವಂಥ ವಾಕ್ಯ ಸಿಕ್ಕಿರುವುದಿಲ್ಲ. ವಾಕ್ಯ ನೀವು ಹುಡುಕಿಕೊಡಬೇಕು.

ಮೊದಲ ದೋಣಿಯನ್ನು ನಾನು ಹಳೆಯ ಬೀರುವಿನ ತಗಡಿನಿಂದ ಮಾಡಿದೆ. ಉದ್ದ, ಎತ್ತರ, ಅಂದಾಜಿನ ಅಗಲ ಎಲ್ಲವನ್ನೂ ಲೆಕ್ಕ ಹಾಕಿ ಇಳಿಸಿದ್ದೆ. ತಗಡಿನ ದಪ್ಪವನ್ನು ಮಾತ್ರ ಇಳಿಸಿರಲಿಲ್ಲ. ಶಾಲೆಯ ನೀರಿನ ತೊಟ್ಟಿಯಲ್ಲಿ ಬಿಟ್ಟೆವು. ಅದು ಯಾವ ಗಡಿಬಿಡಿಯೂ ಇಲ್ಲದೆ, ಮೇಲೆ ನಿಲ್ಲಿಸಿದ್ದ ಆಟದ ಬಸ್ಸಿನ ಸಮೇತ, ನೆಟ್ಟಗೆ ತಳಕ್ಕೆ ಹೋಗಿ ಕೂತಿತು. ಪ್ರಾಂಶುಪಾಲರು ತೊಟ್ಟಿಯೊಳಗೆ ಬಗ್ಗಿ ನೋಡಿದರು.

“ಮೂಲ ಸ್ಥಿತಿಗೆ ಬಂತಲ್ಲ!” ಎಂದರು. ಅವರ ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು.

ಎಲ್ಲವನ್ನೂ ಇಪ್ಪತ್ತರಲ್ಲಿ ಒಂದಕ್ಕೆ ಇಳಿಸಬಹುದು, ನೀರನ್ನು ಇಳಿಸಲಾಗದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತೊಟ್ಟಿಯ ತಳ ನೋಡಿದ ಮೇಲೆ ಅರ್ಥವಾಯಿತು.

ಎರಡನೆಯದನ್ನು ಎಣ್ಣೆ ಡಬ್ಬದ ತೆಳು ತಗಡಿನಿಂದ ಮಾಡಿದೆವು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು. ಪೌಡರ್ ಡಬ್ಬಿ ಕತ್ತರಿಸಿ ಮಾಡಿದ ನೀರು ತಳ್ಳುವ ರೆಕ್ಕೆ. ಮೋಟಾರಿನಿಂದ ಆ ರೆಕ್ಕೆಗೆ ಹೋಗುವ ಕಂಬಿ ಮುರಿದ ಕೊಡೆಯ ಕಡ್ಡಿ. ನಮ್ಮೂರಲ್ಲಿ ಮುರಿದ ಕೊಡೆಗೆ ಬರವಿಲ್ಲವಲ್ಲ. ಕಂಬಿಯ ಸಂದಿಯಿಂದ ನೀರು ಒಳಗೆ ಬರದಂತೆ ಸುಮತಿಯವರು ಅದನ್ನು ಖಾಲಿ ಬಾಲ್ ಪೆನ್ನಿನ ಕೊಳವೆಯೊಳಗೆ ತೂರಿಸಿ, ಸುತ್ತ ಗ್ರೀಸ್ ತುಂಬಿದರು. ಬಸ್ಸು ನಿಲ್ಲಿಸಿದಾಗ ದೋಣಿ ಮಗುಚುತ್ತಿತ್ತು. ಹುಡುಗರು ಅರ ಹಾಕಿ ಅಭ್ಯಾಸ ಮಾಡಿದ ಕಬ್ಬಿಣದ ತುಂಡುಗಳನ್ನು ತಳಕ್ಕೆ ಜೋಡಿಸಿದ ಮೇಲೆ ಗಂಭೀರವಾಗಿ ನಿಂತಿತು.

ರಿಮೋಟಿಗೆ ಸಾಗರದ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋದೆ. ಚಕ್ರ ಮುರಿದು ವಾಪಸು ಬಂದ ಆಟದ ಕಾರುಗಳನ್ನು ಅಂಗಡಿಯವನು ಒಂದು ಡಬ್ಬದಲ್ಲಿ ಎಸೆದಿದ್ದ. ಕಾರು ಮುರಿದರೂ ರಿಮೋಟು ಮತ್ತು ಒಳಗಿನ ಸರ್ಕಿಟ್ ಸರಿಯಿರುತ್ತದೆ. ಅದನ್ನು ಕಿತ್ತು ದೋಣಿಗೆ ಹಾಕಿದರಾಯಿತು. ಒಂದೇ ಥರದ ಎರಡು ಕೆಂಪು ಕಾರು ಆರಿಸಿಕೊಂಡೆ. “ಇದೇ ನಮೂನೆ ಇನ್ನೊಂದಿತ್ತು, ಮೊನ್ನೆ ಯಾರೋ ಮೇಷ್ಟ್ರು ತಗಂಡ್ ಹೋದ್ರು,” ಎಂದು ಅಂಗಡಿಯವನು ಹೇಳಿದ. ಅಥವಾ ಹೇಳಿದ ಎಂದು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ. ಡೈರಿಯಲ್ಲಿ ಈ ಮಾತಿಲ್ಲ. ಕೇಳಿದ್ದರೂ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೊದಲ ಕಾರಿನ ಸರ್ಕಿಟ್ಟಿಗೆ ಬೆಸುಗೆ ಹಾಕಲು ನಾನೇ ಕೂತೆ. ಹುಡುಗರಿಗೆ ಬೆಸುಗೆಯ ಮೇಲೆ ಪಾಠ ಮಾಡುತ್ತಾ, ಕಾದ ಬೆಸುಗೆ ಕಡ್ಡಿಯನ್ನು ಅದರ ಮೇಲೇ ಮರೆತು ಇಟ್ಟೆ. ಹೊಗೆ ಬಂತು.

“ಇನ್ನೊಂದು ನಾನು ಹಾಕ್ತೀನಿ ಸರ್,” ಎಂದರು ಸುಮತಿ. “ನೀವು ಪಾಠ ಮುಂದುವರ್ಸಿ.”

ಸುಟ್ಟ ಕಾರಿನ ರಿಮೋಟು ಡ್ರಾಯರಿನಲ್ಲಿ ಉಳಿಯಿತು. ಎರಡನೆಯ ಕಾರಿನ ಜೀವ ದೋಣಿಗೆ ಬಂತು.

ಪ್ರದರ್ಶನದ ದಿನ ಸಾಗರದ ಕೆರೆಯ ಮೆಟ್ಟಿಲ ಬಳಿ ಜನ ಸೇರಿದ್ದರು. ಮಂಜಪ್ಪ ಬಂದ. ಅವನ ಕೈಯಲ್ಲೂ ದೋಣಿ! ಒಡೆದ ಕಿತ್ತಳೆ ಬಣ್ಣದ ಹೆಲ್ಮೆಟ್ಟನ್ನು ಬೋರಲು ಮಾಡಿ, ಎರಡು ಪ್ಲಾಸ್ಟಿಕ್ ಪೈಪುಗಳ ಮೇಲೆ ಕೂರಿಸಿದ್ದ. ಸ್ಪೀಡ್ ಬೋಟಂತೆ.

“ಎಂತ ನಾಗರಾಜ, ಎಣ್ಣೆ ಡಬ್ಬ ತಂದಿದ್ದೀಯ? ಎಣ್ಣೆ ಎಲ್ಲಿ?”

“ನಿನ್ ಹೆಲ್ಮೆಟ್ಟಿನೊಳಗಿದ್ದ ತಲೆ ಎಲ್ಲಿ?”

ಕಾರ್ಯದರ್ಶಿಗಳು ಕುರ್ಚಿಯಲ್ಲಿ ಕೂತರು. ತೀರ್ಥಹಳ್ಳಿಯ ಪಾಳಿ ಮೊದಲು. ಎರಡೂ ದೋಣಿಗಳನ್ನು ನೀರಿಗೆ ಇಳಿಸಿಟ್ಟೆವು. ಮಂಜಪ್ಪ ರಿಮೋಟಿನ ಗುಂಡಿ ಒತ್ತಿದ. ಹೆಲ್ಮೆಟ್ ಮುಂದೆ ಹೋಯಿತು. ಅದರ ಹಿಂದೆ ನಮ್ಮ ಲಾಂಚೂ ಬಸ್ಸು ಹೊತ್ತುಕೊಂಡು ಹೊರಟಿತು.

ನಾನು ಏನನ್ನೂ ಒತ್ತಿರಲಿಲ್ಲ. ಗಾಬರಿಯಿಂದ ಹಿಂದಕ್ಕೆ ಒತ್ತಿದೆ. ಲಾಂಚು ಹಿಂದಕ್ಕೆ ಬಂತು, ಹೆಲ್ಮೆಟ್ಟೂ ಹಿಂದಕ್ಕೆ ಬಂತು. ಮಂಜಪ್ಪ ಎಡಕ್ಕೆ ಒತ್ತಿದ. ಎರಡೂ ಎಡಕ್ಕೆ ತಿರುಗಿ ಗಿರಕಿ ಹೊಡೆದವು. ಅವನು ಪಕ್ಕಕ್ಕೆ ಸರಿದು ಬಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

“ನನ್ ದೋಣಿ ಬಿಡು ಮಾರಾಯ.”

“ನೀನು ನಂದು ಬಿಡು.”

“ಕಾರು ಎಲ್ಲಿಂದು?”

“ಸಾಗರ ಬಸ್‌ಸ್ಟ್ಯಾಂಡ್ ಎದುರಿಂದು. ಮುರಿದಿದ್ದು.”

“ಕೆಂಪುದಾ?”

“ಕೆಂಪುದೇ.”

ಮಂಜಪ್ಪ ಕಣ್ಣು ಮುಚ್ಚಿಕೊಂಡ. ಒಂದೇ ಡಬ್ಬದಿಂದ ಬಂದ ಒಂದೇ ಜಾತಿಯ ಕಾರುಗಳು. ಯಾವ ರಿಮೋಟು ಒತ್ತಿದರೂ ಎರಡೂ ಕೇಳುತ್ತಿದ್ದವು. ಈಗಿನ ರಿಮೋಟುಗಳು ತಮ್ಮ ದೋಣಿಯ ಜೊತೆ ಮೊದಲೇ ಜೋಡಿಯಾಗಿರುತ್ತವೆ, ಪರರ ದೋಣಿಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಆಗಿನವಕ್ಕೆ ಅಂಥ ನೀತಿ ಇರಲಿಲ್ಲ.

“ಏನ್ ನಡೀತಿದೆ ಅಲ್ಲಿ?” ಕಾರ್ಯದರ್ಶಿಗಳು ಕೇಳಿದರು. “ಪಾಳಿ ಒಬ್ರದ್ದು, ಓಡ್ತಿರೋದು ಎರಡು?”

ನಮ್ಮ ಪ್ರಾಂಶುಪಾಲರು ಕನ್ನಡಕ ಒರೆಸಲು ಶುರುಮಾಡಿದರು. ಆಗ ಸುಮತಿಯವರು ಮುಂದೆ ಬಂದರು.

“ಸರ್, ಇದು ಎರಡೂ ಶಾಲೆ ಸೇರಿ ಮಾಡಿದ್ದು. ಲಾಂಚು ನಮ್ದು, ಜೊತೆಗೆ ಹೋಗೋ ರಕ್ಷಣಾ ದೋಣಿ ತೀರ್ಥಹಳ್ಳಿಯವ್ರದ್ದು. ಒಂದೇ ಆಜ್ಞೆಗೆ ಎರಡೂ ಒಟ್ಟಿಗೆ ಹೋಗ್ತವೆ. ಲಾಂಚಿಗೆ ತೊಂದ್ರೆಯಾದ್ರೆ ಸಹಾಯ ಪಕ್ಕದಲ್ಲೇ ಇರುತ್ತೆ.”

ಮಂಜಪ್ಪನ ಬಾಯಿ ತೆರೆಯಿತು. ನಾನು ಅವನ ಕಾಲು ತುಳಿದೆ.

“ಹೌದು ಸರ್,” ಎಂದ ಮಂಜಪ್ಪ. “ಅದಕ್ಕೇ ಹೆಲ್ಮೆಟ್ಟು.”

ಕಾರ್ಯದರ್ಶಿಗಳು ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಒಳ್ಳೇ ಆಲೋಚನೆ! ಎಲ್ಲಿ, ನೀರಲ್ಲಿರೋ ಆ ಕಂಬದವರೆಗೆ ಹೋಗಿ ಬರ್ಲಿ ನೋಡೋಣ.”

ಈಗ ಕಷ್ಟ ಶುರುವಾಯಿತು. ಇಬ್ಬರಲ್ಲಿ ಒಬ್ಬರು ಸುಮ್ಮನಿರಬೇಕಿತ್ತು. “ನೀನು ಸುಮ್ನೆ ಹಿಡ್ಕೋ, ನಾ ಓಡಿಸ್ತೀನಿ,” ಎಂದೆ. ಅವನೂ ಅದೇ ಮಾತನ್ನು ಅದೇ ಕ್ಷಣ ಹೇಳಿದ. ಇಬ್ಬರೂ ಒತ್ತಿದೆವು. ದೋಣಿಗಳು ಒಂದು ಮೊಳ ಮುಂದೆ, ಎರಡು ಮೊಳ ಹಿಂದೆ ಹೋದವು. ಲಾಂಚಿನ ಬಸ್ಸು ಜಾರಿ ಅಂಚಿಗೆ ಬಂತು. ಇನ್ನೊಂದು ಸಲ ಹಾಗಾಗಿದ್ದರೆ ಬಸ್ಸಿನ ಜೊತೆ ಸುಮತಿಯವರ ಕೆಲಸವೂ ನೀರುಪಾಲಾಗುತ್ತಿತ್ತು.

“ಸೆಲ್ ಇಳಿದಿರ್ಬೇಕು,” ಎನ್ನುತ್ತಾ ಅವರು ಬಂದರು. “ಇಬ್ರೂ ರಿಮೋಟ್ ಕೊಡಿ, ಹೊಸದು ಹಾಕಿ ಕೊಡ್ತೀನಿ.” ಎರಡನ್ನೂ ತೆಗೆದುಕೊಂಡು, ಬೆನ್ನು ತಿರುಗಿಸಿ, ತಮ್ಮ ಚೀಲದೊಳಗೆ ಏನೋ ಮಾಡಿ ವಾಪಸು ಕೊಟ್ಟರು. ಆಮೇಲೆ ಕೊಡೆ ಬಿಚ್ಚಿಕೊಂಡು ನಮ್ಮ ಹಿಂದಿನ ಮೆಟ್ಟಿಲ ಮೇಲೆ ಕೂತರು.

ನಾನು ಒತ್ತಿದೆ. ಅದೇನು ಓಟ! ಲಾಂಚು ಬಸ್ಸು ಅಲುಗದಂತೆ ಕಂಬದವರೆಗೆ ಹೋಯಿತು. ಹೆಲ್ಮೆಟ್ ತಮ್ಮನ ಹಾಗೆ ಜೊತೆಗೆ ಹೋಯಿತು. ಎರಡೂ ಕಂಬ ಸುತ್ತಿ, ಮೆಟ್ಟಿಲಿಗೆ ಬಂದು ಮೆಲ್ಲಗೆ ತಾಗಿದವು. “ಆ ಕ್ಷಣ ಕೈ ಹಗುರವಾಯಿತು. ದೋಣಿ ನನ್ನ ಮನಸ್ಸನ್ನೇ ಓದುತ್ತಿರುವಂತೆ ಓಡಿತು,” ಎಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ. ಮಂಜಪ್ಪ ಕೊನೆಗೂ ಸೋತು ಸುಮ್ಮನಾದನಲ್ಲ ಎಂದು ಅವನ ಮುಖ ನೋಡಿದೆ. ಅವನು ನನ್ನನ್ನೇ ಕನಿಕರದಿಂದ ನೋಡುತ್ತಿದ್ದ.

ಎರಡು ಶಾಲೆಗಳಿಲ್ಲದಿದ್ದರೆ ಇಂಥ ಪ್ರಯೋಗವೇ ಸಾಧ್ಯವಿರಲಿಲ್ಲ, ಆದ್ದರಿಂದ ಎರಡೂ ವಿಭಾಗ ಇರಲಿ ಎಂದು ಕಾರ್ಯದರ್ಶಿಗಳು ಅಲ್ಲೇ ಹೇಳಿದರು. ಸುಮತಿಯವರು ಕೊಡೆ ಮಡಿಸಿ, ಬುತ್ತಿ ಬಿಚ್ಚಿ, ಬೆಳಕಿರುವಾಗಲೇ ಮೆಟ್ಟಿಲ ಮೇಲೆ ಊಟ ಮುಗಿಸಿದರು.

ಇದು ಮೋಸವೇ? ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಅವತ್ತು ಹೇಳಿದ ಮಾತು ಹೇಳುವಾಗ ನಿಜವಾಗಿರಲಿಲ್ಲ. ಆದರೆ ಅದೇ ವರ್ಷದಿಂದ ಎರಡೂ ಶಾಲೆಗಳ ಹುಡುಗರು ನಿಜವಾಗಿಯೂ ಒಟ್ಟಿಗೆ ಪ್ರಯೋಗ ಮಾಡತೊಡಗಿದರು; ನೀವು ಇಂದಿಗೂ ಮಾಡಿಸುತ್ತಿದ್ದೀರಿ. ಕೆಲವು ಮಾತುಗಳು ತಡವಾಗಿ ನಿಜವಾಗುತ್ತವೆ. ಹೀಗೆಂದು ಸಮಾಧಾನ ಮಾಡಿಕೊಳ್ಳುವಾಗಲೂ ನನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ.

ನಂಬಿಕೆ ಇದ್ದದ್ದು ಒಂದೇ ವಿಷಯದಲ್ಲಿ: ಆ ದೋಣಿ ಓಡಿಸಿದ್ದು ನಾನು. ಮಂಜಪ್ಪ ತಾನು ಎನ್ನುತ್ತಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ, ಮಂಡಗದ್ದೆಗೆ ಹಕ್ಕಿ ನೋಡಲು ಹುಡುಗರನ್ನು ಕರೆದುಕೊಂಡು ಹೋದಾಗ, ಎಲ್ಲಿ ಸಿಕ್ಕಿದರೂ ಇದೇ ಜಗಳ.

“ನಿನ್ ಕೈಯಲ್ಲಿ ಸೈಕಲ್ಲೂ ನೆಟ್ಟಗೆ ಹೋಗಲ್ಲ, ಅದು ಹೋಗ್ತದಾ? ಓಡ್ಸಿದ್ದು ನೀನಲ್ಲ.”

“ನಾನಲ್ದೆ ನಿನ್ ಹೆಲ್ಮೆಟ್ಟಾ?”

ಹೋದ ವರ್ಷ ನನ್ನ ಬೀಳ್ಕೊಡುಗೆಯ ದಿನ ಇದು ತೀರ್ಮಾನವಾಗಲಿ ಎಂದು, ಮೊದಲೇ ನಿವೃತ್ತನಾಗಿದ್ದ ಮಂಜಪ್ಪ ಹೆಲ್ಮೆಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ಈಗ ವಿಭಾಗದ ಮುಖ್ಯಸ್ಥೆಯಾದ ಸುಮತಿಯವರೇ ಎರಡೂ ದೋಣಿಗಳನ್ನು ಸರಿಮಾಡಿ ಹೊಸನಗರದ ಕೆರೆಗೆ ಇಳಿಸಿದರು. ರಿಮೋಟುಗಳನ್ನೂ ಅವರೇ ನಮ್ಮ ಕೈಗೆ ಕೊಟ್ಟರು.

ದೋಣಿಗಳು ಹೊರಟವು. ಅದೇ ಓಟ, ಅದೇ ಹಗುರ. “ನೋಡಿ, ಬಲಕ್ಕೆ ತಿರುಗಿಸ್ತೀನಿ,” ಎಂದೆ. ಬಲಕ್ಕೆ ತಿರುಗಿತು. “ಈಗ ನಿಲ್ಲಿಸ್ತೀನಿ,” ಎಂದ ಮಂಜಪ್ಪ. ನಿಂತಿತು. ಮತ್ತೆ ಹೊರಟಿತು. ನಾನು ನಿಮ್ಮ ಪೈಕಿ ಒಬ್ಬ ಬೋಧಕಿಯ ಕೈಗೆ ರಿಮೋಟು ಕೊಟ್ಟು, “ನೀವೂ ಓಡ್ಸಿ ನೋಡಿ, ಕೈ ಮೆತ್ತಗಿರ್ಬೇಕು,” ಎಂದು ಉಪದೇಶಿಸಿದೆ.

ಆಕೆ ಅದನ್ನು ಕೈಯಲ್ಲಿ ತೂಗಿ, ಹಿಂದಿನ ಮುಚ್ಚಳ ತೆಗೆದು ನೋಡಿದರು.

“ಸರ್, ಇದ್ರಲ್ಲಿ ಸೆಲ್ಲೇ ಇಲ್ಲ.”

ಮಂಜಪ್ಪ ನಕ್ಕ ನಗು ಆಚೆ ದಡಕ್ಕೆ ಕೇಳಿಸಿರಬೇಕು. “ಕಂಡ್ರಾ! ಎಲ್ರೂ ಕಂಡ್ರಾ!” ಎಂದು ಕೂಗುತ್ತಾ ತನ್ನ ರಿಮೋಟಿನ ಮುಚ್ಚಳವನ್ನೂ ತೆಗೆದು ಎತ್ತಿ ಹಿಡಿದ. ಆಮೇಲೆ ಒಳಗೆ ನೋಡಿದ. ಅದೂ ಖಾಲಿ.

ಕೆರೆಯಲ್ಲಿ ಲಾಂಚು ಬಸ್ಸು ಅಲುಗದಂತೆ ಇನ್ನೊಂದು ಸುತ್ತು ಹೊಡೆಯುತ್ತಿತ್ತು. ಹೆಲ್ಮೆಟ್ ಅದರ ಜೊತೆಗಿತ್ತು.

ನಾವಿಬ್ಬರೂ ಹಿಂತಿರುಗಿದೆವು. ಸುಮತಿಯವರು ದಂಡೆಯ ಕಲ್ಲಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎರಡೂ ಕೈ ಚೀಲದೊಳಗಿದ್ದವು. ನಾನು ಸುಟ್ಟುಹಾಕಿದ ಕಾರಿನ ರಿಮೋಟು ಡ್ರಾಯರಿನಲ್ಲಿತ್ತಲ್ಲ, ಅದು ನನಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ನೆನಪಾಯಿತು.

“ಅವತ್ತೂ?” ಎಂದೆ.

“ಕೆಲ್ಸ ಹೋಗ್ತಿದ್ದದ್ದು ನಂದು ಸರ್,” ಎಂದರು ಸುಮತಿ, ಕಣ್ಣನ್ನು ದೋಣಿಯ ಮೇಲಿಂದ ತೆಗೆಯದೆ. “ನಿಮ್ಮಿಬ್ರ ಕೈಗೆ ಹೆಂಗೆ ಬಿಡ್ಲಿ?”

ಮಂಜಪ್ಪ ಖಾಲಿ ರಿಮೋಟಿನ ಮುಚ್ಚಳವನ್ನು ಜೋಪಾನವಾಗಿ ಮುಚ್ಚಿ ನನ್ನ ಹೆಗಲ ಮೇಲೆ ಕೈಯಿಟ್ಟ.

“ನಾನು ಮೊದ್ಲಿಂದ್ಲೂ ಹೇಳ್ತಿರ್ಲಿಲ್ವಾ ಮಾರಾಯ,” ಎಂದ, “ಓಡ್ಸಿದ್ದು ನೀನಲ್ಲ ಅಂತ.”